ಆಸಿಡ್ ತೊಟ್ಟಿ ಪಕ್ಕದ ಪಿಲ್ಲರ್‌ಗೆ ಫೈಬರ್ ಸುತ್ತಿಸಿದರೆ ಸಾಕಾ?

ಪ್ಲೇಟಿಂಗ್‌ಶೆಡ್:
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ ಶೆಡ್ ಇದೆ. ಪ್ಲೇಟಿಂಗ್‌ಗೆ ಮುಂಚೆ ಕಬ್ಬಿಣದ ಸಾಮಾನನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದುತ್ತೇವೆ. ಆ ತೊಟ್ಟಿ ಪಕ್ಕದ ಎರಡು ಚೌಕದ ಪಿಲ್ಲರ್ ಸೊಂಟದ ಮಟ್ಟದವರೆಗೆ ಹಾಳಾಗಿವೆ. ಜಲ್ಲಿ ಎದ್ದು ಕಾಣುತ್ತಿದೆ, ಮೂಲೆಯಲ್ಲಿ ಕಂಬಿಯ ಉದ್ದಕ್ಕೂ ಸೀಳು ಬಿಟ್ಟಿದೆ. ಹೋದ ವರ್ಷ ಸಿಮೆಂಟ್ ಮೆತ್ತಿಸಿದ್ದೆ, ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ಕೆ ಎದ್ದಿತು. ಈಗ ಒಬ್ಬ ಕಂಟ್ರಾಕ್ಟರ್ ಎಪಾಕ್ಸಿ ಬಳಿದು ಗ್ಲಾಸ್ ಫೈಬರ್ ಬಟ್ಟೆ ಸುತ್ತುತ್ತೇನೆ, ಎರಡೇ ದಿನದ ಕೆಲಸ ಅಂತಿದ್ದಾರೆ. ಮಾಡಿಸಲಾ?

ಬಣ್ಣದಂಗಡಿ:
ಸುಮ್ನೆ ದುಡ್ಡು ಯಾಕೆ ಸುರಿಯುತ್ತೀರಿ? ಎಪಾಕ್ಸಿ ಪೇಂಟ್ ಎರಡು ಕೋಟ್ ಹೊಡೆಸಿ.

ರಿಪೇರಿ ಇಂಜಿನಿಯರ್:
ಪೇಂಟೂ ಬೇಡ, ಎರಡು ದಿನದ ಫೈಬರೂ ಬೇಡ ಸರ್, ಸ್ವಲ್ಪ ತಡೀರಿ.

ಆಸಿಡ್ ಮೇಲಿನ ಸಿಮೆಂಟನ್ನು ಕರಗಿಸುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಅದೇ ಆಸಿಡ್‌ನಲ್ಲಿರುವ, ಕಂಬಿಗೆ ತುಕ್ಕು ಹಿಡಿಸುವ ಕ್ಲೋರೈಡ್. ಅದು ಒಳಗಿಳಿದು ಕಂಬಿ ಮುಟ್ಟಿದೆ ಅನ್ನುವುದಕ್ಕೆ ನಿಮ್ಮ ಮೂಲೆಯ ಸೀಳೇ ಸಾಕ್ಷಿ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಕಾಂಕ್ರೀಟ್ ಒಡೆಯುತ್ತದೆ. ಇದರ ಮೇಲೆ ಫೈಬರ್ ಸುತ್ತಿದರೆ ಹೊಸ ಆಸಿಡ್ ಒಳಗೆ ಬರುವುದಿಲ್ಲ ನಿಜ. ಆದರೆ ಒಳಗಿರುವ ಕ್ಲೋರೈಡ್, ತೇವ ಅಲ್ಲೇ ಉಳಿದು ತುಕ್ಕು ಬೆಳೆಯುತ್ತಾ ಹೋಗುತ್ತದೆ. ಹೊರಗೆ ಮಾತ್ರ ಎಲ್ಲಾ ನುಣುಪು.

ಮೊದಲು ಸುತ್ತಿಗೆಯಲ್ಲಿ ತಟ್ಟಿ ನೋಡಿ, ಟೊಳ್ಳು ಶಬ್ದ ಎಲ್ಲಿಯವರೆಗೆ ಬರುತ್ತದೋ ಗುರುತು ಹಾಕಿ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಒಳ್ಳೆ ಕಾಂಕ್ರೀಟ್ ಗುಲಾಬಿಯಾಗುತ್ತದೆ, ಕ್ಷಾರ ಹೋದದ್ದಕ್ಕೆ ಬಣ್ಣ ಬರುವುದಿಲ್ಲ. ಗುಲಾಬಿ ಬಂತು ಅಂತ ನೆಮ್ಮದಿಯಾಗಿ ಕೂರಬೇಡಿ. ಕ್ಲೋರೈಡ್ ಅದಕ್ಕಿಂತ ಆಳಕ್ಕೆ ಹೋಗಿರಬಹುದು. ಬೇರೆ ಬೇರೆ ಆಳದಲ್ಲಿ ಡ್ರಿಲ್ ಮಾಡಿ ಆ ಪುಡಿಯನ್ನು ಲ್ಯಾಬ್‌ಗೆ ಕೊಡಿ. ಕಂಬಿಯ ವೋಲ್ಟೇಜ್ ಅಳೆದು ತುಕ್ಕು ಅಂದಾಜಿಸುವ ಹಾಫ್ ಸೆಲ್ ಟೆಸ್ಟ್ ಕೂಡ ಮಾಡಿಸಿ. ಮೈನಸ್ 350 ಮಿಲಿವೋಲ್ಟ್ ದಾಟಿ ಕೆಳಗಿಳಿದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90%ಕ್ಕಿಂತ ಜಾಸ್ತಿ.

ಆಮೇಲೆ ಪಿಲ್ಲರ್ ಮೇಲಿನ ಭಾರ ಹೊರಲು ಬೀಮ್‌ಗೆ ಜಾಕ್ ಕೊಟ್ಟು, ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ತೆಗೆಯಬೇಕು. ತುಕ್ಕು ಉಜ್ಜಿ, ಕಂಬಿ ಸವೆದಿದ್ದರೆ ಹೊಸದು ಸೇರಿಸಿ, ಸಂದಿಗೆ ತಾನೇ ಹರಿದು ತುಂಬುವ ಮೈಕ್ರೋ ಕಾಂಕ್ರೀಟ್ ತುಂಬಿಸಿ. ಅದು ಗಟ್ಟಿಯಾಗಿ ಒಣಗಿದ ಮೇಲಷ್ಟೇ ಫೈಬರ್. ಜಾಕ್ ಇಲ್ಲದೆ ಪಿಲ್ಲರ್ ಒಡೆಯಲು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಪ್ಲೇಟಿಂಗ್‌ಶೆಡ್:
ಥ್ಯಾಂಕ್ಸ್ ಸರ್. ಗ್ಲಾಸ್ ಫೈಬರ್ ಸಾಕಾ, ಕಾರ್ಬನ್ ಫೈಬರೇ ಬೇಕಾ? ಕಾರ್ಬನ್ ರೇಟ್ ಕೇಳಿ ತಲೆ ತಿರುಗಿತು.

ರಿಪೇರಿ ಇಂಜಿನಿಯರ್:
ಇ-ಗ್ಲಾಸ್ ಅನ್ನುವ ಸಾಧಾರಣ ಗ್ಲಾಸ್ ಫೈಬರ್ ಎಳೆಗೆ ಆಸಿಡ್ ತಗುಲಿದರೆ ಅದೂ ಸವೆಯುತ್ತದೆ. ಅದನ್ನು ಕಾಯುವುದು ಬಟ್ಟೆಗೆ ಬಳಿಯುವ ರೆಸಿನ್, ಅಂದರೆ ಆ ಎಪಾಕ್ಸಿ ಅಂಟು. ಟ್ರಾಲಿ ತಾಗಿ ಒಂದು ಗೀರು ಬಿದ್ದರೆ ಅಲ್ಲಿಂದಲೇ ಶುರು. ಕಾರ್ಬನ್‌ಗೆ ಆ ಭಯವಿಲ್ಲ. ಆದರೆ ಅದು ಕಂಬಿಗೆ ತಾಗಕೂಡದು, ತಾಗಿದರೆ ಕಂಬಿಗೆ ಇನ್ನೂ ಬೇಗ ತುಕ್ಕು. ಬರೀ ರಕ್ಷಣೆಗಾದರೆ ಗ್ಲಾಸ್ ಸುತ್ತಿಸಿ, ಮೇಲೊಂದು ಆಸಿಡ್ ತಡೆಯುವ ಕೋಟಿಂಗ್ ಕೊಡಿಸಿ. ಪಿಲ್ಲರ್‌ನ ಬಲವೇ ಕಮ್ಮಿಯಾಗಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಎಷ್ಟು ಪದರ ಅಂತ ಹೇಳಬೇಕು.

ಚೌಕದ ಪಿಲ್ಲರ್ ಅಲ್ವಾ, ನಾಲ್ಕೂ ಮೂಲೆ ಕನಿಷ್ಠ 13 ಮಿ.ಮೀ. ತ್ರಿಜ್ಯಕ್ಕೆ ಉರುಟಾಗಿ ತೀಡಿಸಿ, ನಾನು 25 ಕೇಳುತ್ತೇನೆ. ಚೂಪು ಮೂಲೆಯಲ್ಲಿ ಎಳೆ ತುಂಡಾಗುತ್ತದೆ. ಇನ್ನು ಪಿಲ್ಲರ್‌ನ ಬುಡ. ಎಲ್ಲರೂ ನೆಲದ ಮಟ್ಟಕ್ಕೆ ನಿಲ್ಲಿಸಿಬಿಡುತ್ತಾರೆ, ಆಸಿಡ್ ನಿಲ್ಲುವುದೂ ಅಲ್ಲೇ. ನೆಲ ಅಗೆದು ಫೈಬರನ್ನು ಕೆಳಗಿನವರೆಗೂ ಇಳಿಸಿ, ಆ ಸಂದಿಯನ್ನು ಸೀಲ್ ಮಾಡಿಸಿ. ಸಾಧ್ಯವಾದರೆ ತೊಟ್ಟಿಯನ್ನೇ ಆಚೆ ಸರಿಸಿ.

ಪ್ಲೇಟಿಂಗ್‌ಶೆಡ್:
ತೊಟ್ಟಿ ಸರಿಸಲು ಜಾಗ ಇದೆ ಸರ್, ಪೈಪ್ ಲೈನ್ ಮಾತ್ರ ಬದಲಾಗಬೇಕು. ಸೋಮವಾರ ಪುಡಿ ಲ್ಯಾಬ್‌ಗೆ ಕಳಿಸುತ್ತೇನೆ.