ಹುಣಸೆಹಣ್ಣು ನುಂಗಿದ ನಾಯಿ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಪುಣೆ, ಮುಂಬೈ, ಗೋವಾ ಕನ್ನಡಿಗರ ಪ್ರಶ್ನೆಗಳಿಗೆ ಪಶುವೈದ್ಯರು ಇಂದು ಸಂಜೆ ಇಲ್ಲೇ ಉತ್ತರಿಸುತ್ತಾರೆ. ವಿಷಯ: ನಾಯಿಗೆ ಆಗದ ತಿನಿಸು. ನಾಯಿಯ ತೂಕ, ತಿಂದದ್ದೇನು, ಎಷ್ಟು, ಎಷ್ಟು ಹೊತ್ತಾಯಿತು, ಇಷ್ಟನ್ನೂ ಬರೆಯಿರಿ.

ಡೊಂಬಿವಲಿ: ಲ್ಯಾಬ್ರಡಾರ್, 28 ಕೆಜಿ. 40 ಗ್ರಾಂನ ಮಿಲ್ಕ್ ಚಾಕೊಲೇಟ್ ಬಾರ್ ಪೂರ್ತಿ ತಿಂದಿದೆ, ಒಂದು ಗಂಟೆ ಆಯ್ತು.

ಡಾಕ್ಟರ್: ಚಾಕೊಲೇಟಿನಲ್ಲಿ ನಾಯಿಗೆ ವಿಷವಾಗೋದು ಥಿಯೊಬ್ರೊಮಿನ್; ಮಿಲ್ಕ್ ಚಾಕೊಲೇಟಿನ ಒಂದು ಗ್ರಾಂನಲ್ಲಿ ಅದು ಸುಮಾರು 2 ಮಿ.ಗ್ರಾಂ. ನಿಮ್ಮ ನಾಯಿಗೆ ಕೆಜಿಗೆ 3 ಮಿ.ಗ್ರಾಂ ಬಿದ್ದಿದೆ. ತೊಂದರೆ ಶುರುವಾಗೋದು 20ರ ಆಸುಪಾಸು. ಭೇದಿ ಆಗಬಹುದು, ನೀರಿಡಿ. ಡಾರ್ಕ್ ಚಾಕೊಲೇಟಿನಲ್ಲಿ ಗ್ರಾಂಗೆ 5 ಅಥವಾ ಹೆಚ್ಚು, ಕೋಕೋ ಪುಡಿಯಲ್ಲಿ 20ರ ಮೇಲೆ. ಅವಕ್ಕೆ ಈ ಉತ್ತರ ಹಿಡಿಯಬೇಡಿ.

ಕೊಥ್ರೂಡ್: ಡ್ಯಾಶ್‌ಹಂಡ್, 9 ಕೆಜಿ. ಗೊಜ್ಜಿಗೆ ಬೆಲ್ಲದ ಜೊತೆ ನೆನೆಹಾಕಿದ್ದ ಹುಣಸೆಹಣ್ಣು ನೀರು ಸಮೇತ ಖಾಲಿ. ಹಣ್ಣೇ 40 ಗ್ರಾಂ ಇತ್ತು. ಒಂದೂವರೆ ಗಂಟೆ ಆಯ್ತು. ಆಟ ಆಡ್ಕೊಂಡೇ ಇದೆ. ಹುಳಿ ತಾನೆ, ಏನಾಗಲ್ಲ ಅಂತಾರೆ ಮನೇಲಿ.

ಡಾಕ್ಟರ್: ಈಗಲೇ ಆಸ್ಪತ್ರೆಗೆ ಹೊರಡಿ, ಉಳಿದದ್ದನ್ನು ರಿಕ್ಷಾದಲ್ಲಿ ಓದಿ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಯಾಕೆ ಕೆಡುತ್ತದೆ ಅನ್ನೋದು ಬಹಳ ವರ್ಷ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿವಿಷ ಕೇಂದ್ರದ ವೈದ್ಯರು ಬೊಟ್ಟು ಮಾಡಿದ್ದು ಟಾರ್ಟಾರಿಕ್ ಆಮ್ಲದ ಕಡೆಗೆ. ದ್ರಾಕ್ಷಿಯನ್ನೇ ತಿನ್ನದ ನಾಯಿಯೊಂದಕ್ಕೆ, ಕ್ರೀಮ್ ಆಫ್ ಟಾರ್ಟರ್ (ಇದೇ ಆಮ್ಲದ ಲವಣ) ಹಾಕಿ ಮನೆಯಲ್ಲಿ ಕಲಸಿದ ಮಕ್ಕಳ ಆಟದ ಹಿಟ್ಟು ತಿಂದು, ಅದೇ ರೀತಿ ಕಿಡ್ನಿ ಕೆಟ್ಟಿತ್ತು. ಆಮೇಲೆ ಹುಣಸೆಹಣ್ಣು ತಿಂದ ನಾಯಿಗಳ ವರದಿಯೂ ಬಂತು. ನಮ್ಮ ಅಡುಗೆಮನೆಯಲ್ಲಿ ಈ ಆಮ್ಲ ಹೆಚ್ಚಿರೋದು ಹುಣಸೆಯಲ್ಲೇ. ತಿರುಳಿನಲ್ಲಿ ಶೇ. 8ರಿಂದ 18, ದ್ರಾಕ್ಷಿಯಲ್ಲಿ ಶೇ. 1ರ ಆಸುಪಾಸು. ಶೇ. 10 ಅಂತ ಹಿಡಿದರೂ ನಿಮ್ಮ ನಾಯಿಯ ಹೊಟ್ಟೆಯಲ್ಲಿ 4 ಗ್ರಾಂ ಇದೆ.

ಈಗ ಆಡ್ತಿದೆ ಅನ್ನೋದು ಸಮಾಧಾನದ ಮಾತಲ್ಲ. ವಾಂತಿ ಸಾಮಾನ್ಯವಾಗಿ 6ರಿಂದ 12 ಗಂಟೆಯೊಳಗೆ ಶುರುವಾಗುತ್ತದೆ, ಕಿಡ್ನಿ ಕೆಟ್ಟರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರೋದು 24ರಿಂದ 72 ಗಂಟೆಯಲ್ಲಿ. ಉಚ್ಚೆ ನಿಂತಮೇಲೆ ಹೋದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರೋದಿಲ್ಲ. ಅಲ್ಲಿ ಕೇಳಬೇಕಾದದ್ದು: ವಾಂತಿ ಮಾಡಿಸುವ ಇಂಜೆಕ್ಷನ್, ಆಮೇಲೆ ಕನಿಷ್ಠ 48 ಗಂಟೆ ಸಲೈನ್, ಕ್ರಿಯಾಟಿನಿನ್ ಇವತ್ತೇ ಒಂದು, ಮತ್ತೆ 24, 48, 72 ಗಂಟೆಗೆ.

ಬೇಲಾಪುರ: ಫಾರ್ವರ್ಡ್ ಆಗಿ ಬಂದದ್ದು: "ನಾಯಿ ವಿಷ ತಿಂದರೆ ಒಂದು ದೊಡ್ಡ ಚಮಚ ಉಪ್ಪು ನೀರಲ್ಲಿ ಕದಡಿ ಕುಡಿಸಿ, ತಕ್ಷಣ ವಾಂತಿ." ಕೊಥ್ರೂಡ್‌ನವರು ದಾರಿಯಲ್ಲೇ ಮಾಡಬಹುದಲ್ಲ?

ಡಾಕ್ಟರ್: ಬೇಡ. ದೊಡ್ಡ ಚಮಚ ಅಂದರೆ 17-18 ಗ್ರಾಂ ಉಪ್ಪು. 9 ಕೆಜಿ ನಾಯಿಗೆ ಕೆಜಿಗೆ 2 ಗ್ರಾಂ ಆಗುತ್ತದೆ, ಉಪ್ಪಿನ ವಿಷದ ಲಕ್ಷಣ ಕಾಣೋದು ಅಲ್ಲಿಂದಲೇ. ಕೆಜಿಗೆ 4 ಗ್ರಾಂ ಸಾವಿನ ಮಟ್ಟ. ವಾಂತಿ ಆಗದಿದ್ದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರಿ ಫಿಟ್ಸ್ ಬರುತ್ತದೆ. ಆ ಮೆಸೇಜು ಅಳಿಸಿಹಾಕಿ.

ವಾಸ್ಕೊ: ಹಾಗಾದರೆ ಕೋಕಮ್ (ಪುನರ್ಪುಳಿ), ಅದರಿಂದ ಮಾಡುವ ಸೋಲ್‌ಕಡಿ?

ಡಾಕ್ಟರ್: ಕೋಕಮ್‌ನಲ್ಲಿ ಮುಖ್ಯವಾಗಿ ಇರೋದು ಬೇರೆ ಆಮ್ಲ, ಹೈಡ್ರಾಕ್ಸಿಸಿಟ್ರಿಕ್. ಆದರೆ ಸೋಲ್‌ಕಡಿಗೆ ಬೆಳ್ಳುಳ್ಳಿ, ಹಸಿಮೆಣಸು ಬೀಳುತ್ತದೆ. ಕೊಡಬೇಡಿ.

ಔಂಧ್: ಅಲ್ರೀ ಡಾಕ್ಟ್ರ, ನಮ್ಮ ಕಡೆ ನಾಯಿಗೆ ತಲೆತಲಾಂತರದಿಂದ ಸಾರನ್ನನ ಹಾಕ್ಕೋತ ಬಂದೀವಿ. ಒಂದೂ ಸತ್ತಿಲ್ಲ.

ಮಾಟುಂಗಾ: ಸತ್ತ ನಾಯಿಗೆ ಯಾರು ಕ್ರಿಯಾಟಿನಿನ್ ನೋಡಿದ್ದಾರೆ ಮಾರಾಯ್ರೆ? "ವಯಸ್ಸಾಗಿತ್ತು, ಹೋಯ್ತು" ಅಂತ ಹೂಳಿದ್ದಷ್ಟೆ.

ಔಂಧ್: ನಿಮ್ಮ ನಾಯಿಗೆ ಡಬ್ಬಿ ಊಟ, ನಮ್ಮದಕ್ಕ ಮನಿ ಊಟ. ಕಲಿಸಾಕ ಬರಬ್ಯಾಡ್ರಿ.

ಮಾಟುಂಗಾ: ಮನೆ ಊಟವೇ ಹಾಕಿ, ಒಗ್ಗರಣೆ ಹಾಕುವ ಮೊದಲು ಅನ್ನ ತೆಗೆದಿಡಿ. ಅಷ್ಟೂ ಕಷ್ಟವಾ?

ಡಾಕ್ಟರ್: ಜಗಳ ಬಿಡಿ. ತಿಳಿಸಾರು ಬಿದ್ದ ಅನ್ನ ಒಂದು ತುತ್ತು ತಿಂದದ್ದೂ 40 ಗ್ರಾಂ ಹುಣಸೆ ನುಂಗಿದ್ದೂ ಒಂದೇ ಅಲ್ಲ. ಆದರೆ ದಿನಾ ಹಾಕುವ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ. ಬೇಯಿಸಿದರೂ ಅವುಗಳ ವಿಷ ಹೋಗೋದಿಲ್ಲ. ಕೆಂಪು ರಕ್ತಕಣ ಒಡೆಯುತ್ತವೆ, ಅದೂ ಮೂರು, ನಾಲ್ಕು ದಿನ ಬಿಟ್ಟು. ಹಾಗಾಗಿ ಯಾರಿಗೂ ಕಾರಣ ಹೊಳೆಯೋದಿಲ್ಲ. ಒಸಡು ಬಿಳಚಿಕೊಂಡು ಉಚ್ಚೆ ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ.

ಮಡಗಾಂವ್: ಮೊಸರನ್ನ ದಿನಾ ಹಾಕಬಹುದಾ?

ಥಾಣೆ: ಉಣ್ಣಿಗೆ ದಿನಾ ಒಂದೆಸಳು ಬೆಳ್ಳುಳ್ಳಿ ಒಳ್ಳೇದಂತೆ, ಇನ್ನೊಂದು ಗುಂಪಿನಲ್ಲಿ ಬಂದಿದೆ.

ಡಾಕ್ಟರ್: ಮೇಲೆ ಈಗಷ್ಟೇ ಬರೆದೆ. ಉಣ್ಣಿಜ್ವರದಲ್ಲಿ ಮೊದಲೇ ರಕ್ತ ಇಳಿದಿರುತ್ತದೆ, ಅದರ ಮೇಲೆ ಬೆಳ್ಳುಳ್ಳಿ ಕೊಟ್ಟು ಇನ್ನಷ್ಟು ಇಳಿಸ್ತೀರಾ? ಉಣ್ಣಿಗೆ ಮಾತ್ರೆ ಇದೆ, ತೂಕ ನೋಡಿ ಕೊಡುತ್ತಾರೆ.

ಚಿಂಚವಡ: ಗಣಪತಿಗೆ ಮಾಡಿದ ಪಂಚಖಾದ್ಯದಲ್ಲಿ ಒಣದ್ರಾಕ್ಷಿ ಸ್ವಲ್ಪಾನೇ ಇರೋದು, ಅದೂನಾ?

ಡಾಕ್ಟರ್: ಅದೂ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಅಳತೆ ದ್ರಾಕ್ಷಿಗೆ ಇಲ್ಲ.

ಮಡಗಾಂವ್: ಡಾಕ್ಟ್ರೇ, ಮೊಸರನ್ನ?

ವಾಶಿ: ಪಗ್, 6 ಕೆಜಿ, ಡಾರ್ಕ್ ಚಾಕೊಲೇಟ್ 80 ಗ್ರಾಂ. ಮೇಲೆ ಏನಾಗಲ್ಲ ಅಂದಿದ್ರಲ್ಲ?

ಡಾಕ್ಟರ್: ಅದು ಮಿಲ್ಕ್ ಚಾಕೊಲೇಟು, 28 ಕೆಜಿ ನಾಯಿ. ನಿಮ್ಮದು ಕೆಜಿಗೆ 65 ಮಿ.ಗ್ರಾಂ ದಾಟುತ್ತದೆ, 60ಕ್ಕೇ ಫಿಟ್ಸ್ ಬರುತ್ತದೆ. ಟೈಪ್ ಮಾಡೋದು ಬಿಟ್ಟು ಹೊರಡಿ.

ಬೇಲಾಪುರ: ಡಾಕ್ಟರು ಎಲ್ಲರಿಗೂ ರೇಗ್ತಾರಪ್ಪ. ಒಳ್ಳೇದಕ್ಕೇ ಹಾಕಿದ್ದು ನಾನು.

ಮಾಟುಂಗಾ: ಆ ಉಪ್ಪಿನ ಮೆಸೇಜು ಇನ್ನೂ ಮೇಲೆ ಹಾಗೇ ಇದೆ. ಅಡ್ಮಿನ್, ತೆಗೀರಿ.

ಕೊಥ್ರೂಡ್: ಇಂಜೆಕ್ಷನ್ ಕೊಟ್ರು. ನಾರು, ಎರಡು ಬೀಜ, ಕಂದು ಗಸಿ ಬಂತು. ಕ್ರಿಯಾಟಿನಿನ್ 0.9. ನಾರ್ಮಲ್ ಅಂತೆ. ಮನೆಗೆ ಕರ್ಕೊಂಡು ಹೋಗ್ಲಾ?

ಡಾಕ್ಟರ್: ಬೇಡ. 0.9 ಅನ್ನೋದು ಇವತ್ತಿನ ಲೆಕ್ಕ, ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ನಾಳೆ, ನಾಡಿದ್ದು ಕಾಣುತ್ತದೆ. ತಿಂದು ಒಂದೂವರೆ ಗಂಟೆಯ ಮೇಲಾಗಿತ್ತು, ಒಂದಷ್ಟು ಒಳಗೆ ಇಳಿದಿರುತ್ತದೆ. ಸಲೈನ್ ಮುಂದುವರಿಸಲು ಹೇಳಿ. ಕೆಳಗೆ ಹಾಸುವ ಪ್ಯಾಡನ್ನು ಒಣಗಿದ್ದಾಗ ಒಮ್ಮೆ, ಒದ್ದೆಯಾದ ಮೇಲೆ ಒಮ್ಮೆ ತೂಗಿ; ಹೆಚ್ಚಾದ ಪ್ರತಿ ಗ್ರಾಂಗೆ 1 ಮಿ.ಲೀ. ಉಚ್ಚೆ. ಸಲೈನ್ ಹೋಗ್ತಿರುವಾಗಲೂ ಗಂಟೆಗೆ 9 ಮಿ.ಲೀ.ಗಿಂತ ಕಡಿಮೆ ಬಂದರೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ನಾಳೆ ಸಂಜೆಯ ರಿಪೋರ್ಟಿನ ಫೋಟೊ ಇಲ್ಲೇ ಹಾಕಿ, ನೋಡುತ್ತೇನೆ.