ಅಮೋನಿಯಾ ಸೊನ್ನೆ ಬಂದಿದೆ, ಮೀನು ಬಿಡಬಹುದಾ? ಉಪ್ಪುನೀರಿನ ಅಕ್ವೇರಿಯಂ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನಿಂದ):
ನಮಸ್ಕಾರ ಸರ್. ಮೂರಡಿ ಟ್ಯಾಂಕ್, ನೀರು ಸುಮಾರು 180 ಲೀಟರ್. ಡ್ರೈ ರಾಕ್, ಅರಗೊನೈಟ್ ಮರಳು, ಆರ್‌ಒ ನೀರಿಗೆ ಸಾಲ್ಟ್ ಮಿಕ್ಸ್ ಕಲಸಿ ತುಂಬಿಸಿ ಮೂರು ವಾರ ಆಯ್ತು. ಮೊದಲ ವಾರ ಅಮೋನಿಯಾಕ್ಕಾಗಿ ಅಮೋನಿಯಂ ಕ್ಲೋರೈಡ್ ಹಾಕಿದ್ದೆ, ಆಮೇಲೆ ಏನೂ ಹಾಕಿಲ್ಲ. ಈಗ ಅಮೋನಿಯಾ 0, ನೈಟ್ರೈಟ್ ಟ್ಯೂಬ್ ಗಾಢ ನೇರಳೆ (ಚಾರ್ಟ್‌ನ ಕೊನೆ, 5 ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ 5 ಪಾಲು), ನೈಟ್ರೇಟ್ 80. ಸ್ಪೆಸಿಫಿಕ್ ಗ್ರಾವಿಟಿ (ಉಪ್ಪಿನ ಅಳತೆ) 1.025. ನೀರು ತಿಳಿಯಾಗಿದೆ. ಅಂಗಡಿಯವರು "ಎರಡು ಡ್ಯಾಮ್ಸೆಲ್ ಬಿಟ್ಟು ನೋಡಿ, ಗಟ್ಟಿ ಮೀನು, ಏನೂ ಆಗಲ್ಲ" ಅಂತಾರೆ. ಬಿಡಲಾ?

ಉತ್ತರ:
ಡ್ಯಾಮ್ಸೆಲ್ ಬೇಡ. ಗಟ್ಟಿ ಮೀನು ನಿಜ, ಅಂದ್ರೆ ಕಿವಿರು ಸುಟ್ಟುಕೊಂಡೂ ಬದುಕುತ್ತೆ ಅಂತಷ್ಟೇ. ಆಮೇಲೆ ಟ್ಯಾಂಕೆಲ್ಲ ತನ್ನದೇ ಅಂತ ಹೊಸದಾಗಿ ಬಂದ ಪ್ರತಿ ಮೀನನ್ನೂ ಅಟ್ಟಾಡಿಸುತ್ತೆ. ಅದನ್ನ ಹಿಡಿಯೋಕೆ ನೀವು ಜೋಡಿಸಿದ ಕಲ್ಲನ್ನೆಲ್ಲ ಹೊರಗೆ ತೆಗೀಬೇಕು.

ಈಗ ರೀಡಿಂಗ್‌ಗೆ ಬರೋಣ. ಅಮೋನಿಯಾವನ್ನ ಒಂದು ತಂಡದ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಎರಡನೇ ತಂಡ ಅದನ್ನ ನೈಟ್ರೇಟ್ ಮಾಡುತ್ತೆ; ಈ ಎರಡೂ ತಂಡ ಬೆಳೆದು ಕೂರೋದಕ್ಕೇ ಸೈಕಲ್ ಅನ್ನೋದು. ಎರಡು ವಾರದಿಂದ ನೀವು ಅಮೋನಿಯಾನೇ ಹಾಕಿಲ್ಲ, ಸೊನ್ನೆ ಬರದೆ ಇನ್ನೇನು ಬರುತ್ತೆ? ಇದ್ದದ್ದು ಖಾಲಿಯಾಗಿದೆ ಅಂತ ಗೊತ್ತಾಯ್ತು, ಎಷ್ಟು ಬೇಗ ಖಾಲಿಯಾಗುತ್ತೆ ಅಂತ ಗೊತ್ತಾಗಿಲ್ಲ. ನಾಳೆ ಮೀನು ದಿನವಿಡೀ ಅಮೋನಿಯಾ ಬಿಡ್ತಾನೇ ಇರುತ್ತೆ, ಹಾಗಾಗಿ ನಮಗೆ ಬೇಕಾದ್ದು ಆ ವೇಗ.

ನೈಟ್ರೈಟ್ 5 ಅಂತ ಬರೆದಿದ್ದೀರಿ. ಅದು ಚಾರ್ಟ್ ಮುಗಿಯೋ ಜಾಗ, ನಿಜವಾದ ಅಂಕಿ 10 ಇರಬಹುದು, 20 ಇರಬಹುದು. ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ಆರ್‌ಒ ನೀರು ಸೇರಿಸಿ ಟೆಸ್ಟ್ ಮಾಡಿ, ಬಂದಿದ್ದನ್ನ ಹತ್ತರಿಂದ ಗುಣಿಸಿ. ಇಷ್ಟೊಂದಾ ಅಂತ ಗಾಬರಿ ಬೇಡ. 2 ಪಿಪಿಎಂ ಅಮೋನಿಯಾ ಪೂರ್ತಿ ಬದಲಾದರೆ ತೂಕದ ಲೆಕ್ಕದಲ್ಲಿ ಸುಮಾರು 5.4 ಪಿಪಿಎಂ ನೈಟ್ರೈಟ್ ಆಗುತ್ತೆ. ಎರಡು ಮೂರು ಸಲ ಹಾಕಿದ್ರೆ ಟ್ಯೂಬ್ ನೇರಳೆಗೆ ಹೋಗಲೇಬೇಕು.

ನೈಟ್ರೇಟ್ 80 ಅನ್ನೋದನ್ನ ಸದ್ಯಕ್ಕೆ ಮರೆತುಬಿಡಿ. ಆ ಕಿಟ್ ಮೊದಲು ನೈಟ್ರೇಟನ್ನ ನೈಟ್ರೈಟ್ ಮಾಡಿ, ಆಮೇಲೆ ಬಣ್ಣ ತೋರಿಸುತ್ತೆ. ನೀರಲ್ಲಿ ಮೊದಲೇ ನೈಟ್ರೈಟ್ ತುಂಬಿದ್ರೆ ಅದನ್ನೂ ಸೇರಿಸಿಕೊಂಡು ಕೆಂಪಾಗುತ್ತೆ. ನೈಟ್ರೈಟ್ ಇಳಿದ ಮೇಲಿನ ರೀಡಿಂಗ್ ಮಾತ್ರ ನಂಬಿ. ಆವಾಗಲೂ ಕಿಟ್‌ನ ಎರಡನೇ ಬಾಟಲಿಯನ್ನ ಅರ್ಧ ನಿಮಿಷ ಗಟ್ಟಿಯಾಗಿ ಕುಲುಕಬೇಕು. ತಳದಲ್ಲಿ ಕೂತ ಪುಡಿ ಮೇಲೇಳದಿದ್ರೆ ನೈಟ್ರೇಟ್ ಇಲ್ಲವೇ ಇಲ್ಲ ಅಂತ ಸುಳ್ಳು ಹೇಳುತ್ತೆ.

ಮಾಡಬೇಕಾದ್ದು ಇಷ್ಟು. ಅರ್ಧ ನೀರು ಬದಲಾಯಿಸಿ. ಸೈಕಲ್ ಹಾಳಾಗುತ್ತೆ ಅಂತ ಹೆದರೋರಿದ್ದಾರೆ, ಹಾಗೇನಿಲ್ಲ. ಬ್ಯಾಕ್ಟೀರಿಯಾ ಅಂಟಿಕೊಂಡಿರೋದು ಕಲ್ಲಿಗೆ, ಮರಳಿಗೆ. ಹೊಸ ನೀರಿನ ಉಪ್ಪು, ಬಿಸಿ ಎರಡೂ ಹಳೇದಕ್ಕೆ ಹೊಂದಿದ್ರೆ ಸಾಕು. ಮರುದಿನ ಸಂಜೆ 1.1 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿ, 180 ಲೀಟರ್‌ಗೆ ಅದು ಹತ್ತಿರ ಹತ್ತಿರ 2 ಪಿಪಿಎಂ. ಲ್ಯಾಬ್ ದರ್ಜೆಯದ್ದೇ ಬೇಕು. ಕಲಾಯಿ ಹಾಕೋರ ನವಸಾಗರವೂ ಇದೇ, ಆದ್ರೆ ಅದರಲ್ಲಿ ಏನೇನು ಬೆರೆತಿರುತ್ತೋ, ಅದು ಬೇಡ. 24 ಗಂಟೆ ಬಿಟ್ಟು ಅಮೋನಿಯಾ, ನೈಟ್ರೈಟ್ ಎರಡೂ ನೋಡಿ. ಎರಡೂ 0 ಬಂದ ದಿನ ಟ್ಯಾಂಕ್ ತಯಾರು. ಅಮೋನಿಯಾ ಮಾತ್ರ 0, ನೈಟ್ರೈಟ್ ಇನ್ನೂ ನೇರಳೆ ಅಂದ್ರೆ ನೈಟ್ರೈಟ್ ತಿನ್ನೋ ಎರಡನೇ ತಂಡ ಇನ್ನೂ ಬೆಳೀತಾ ಇದೆ. ವಾರ ಬಿಟ್ಟು ಮತ್ತೆ ಇದೇ ಪರೀಕ್ಷೆ ಮಾಡಿ.

ಮರುಪ್ರಶ್ನೆ (ಅದೇ ಸದಸ್ಯರು):
ಉಪ್ಪುನೀರಲ್ಲಿ ನೈಟ್ರೈಟ್ ಅಷ್ಟು ವಿಷ ಅಲ್ಲ ಅಂತ ಓದಿದ್ದೆ. ಮತ್ತೆ ಯಾಕೆ ಕಾಯಬೇಕು?

ಉತ್ತರ:
ಓದಿದ್ದು ಸರಿಯಿದೆ. ನೈಟ್ರೈಟ್ ಮೈ ಸೇರೋದು ಕಿವಿರಿನಲ್ಲಿ ಕ್ಲೋರೈಡ್ ಹೋಗೋ ದಾರಿಯಲ್ಲೇ. ಸಮುದ್ರದ ನೀರಲ್ಲಿ ಕ್ಲೋರೈಡೇ ನೂಕುನುಗ್ಗಲು, ನೈಟ್ರೈಟ್‌ಗೆ ಜಾಗ ಸಿಗಲ್ಲ. ನನ್ನ ಭಯವೆಲ್ಲ ಅಮೋನಿಯಾದ್ದು. ಪಿಎಚ್ 7ರ ಸಿಹಿನೀರಿಗಿಂತ 8.2ರ ಉಪ್ಪುನೀರಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಭಾಗ ಹತ್ತು ಪಟ್ಟಿಗೂ ಹೆಚ್ಚು. ಸಿಹಿನೀರಲ್ಲಿ ಗೋಲ್ಡ್‌ಫಿಶ್ ತಡಕೊಂಡಿದ್ದನ್ನ ಇಲ್ಲಿ ಕ್ಲೌನ್‌ಫಿಶ್ ತಡಕೊಳ್ಳಲ್ಲ. ನೈಟ್ರೈಟ್‌ಗೂ ಕಾಯಿರಿ ಅಂತ ಹೇಳೋದು ಫಿಲ್ಟರ್, ಅಂದ್ರೆ ಬ್ಯಾಕ್ಟೀರಿಯಾದ ಎರಡೂ ತಂಡ, ಪೂರ್ತಿ ಕೂತಿದೆ ಅಂತ ಖಾತ್ರಿಯಾಗಲಿ ಅಂತ.

ಪ್ರಶ್ನೆ (ಮಂಗಳೂರಿನಿಂದ):
ನಮಗೆ ಸಮುದ್ರ ಪಕ್ಕದಲ್ಲೇ. ಪಣಂಬೂರಿನ ನೀರು, ಮುರುಡೇಶ್ವರದ ಕಡೆಯಿಂದ ಹವಳದ ಕಲ್ಲು ತಂದ್ರೆ ಬ್ಯಾಕ್ಟೀರಿಯಾ ರೆಡಿ ಸಿಗುತ್ತಲ್ವಾ?

ಉತ್ತರ:
ಕಲ್ಲಿನ ಮಾತೇ ಬೇಡ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಇರೋ ಅನುಸೂಚಿಯದು. ಸತ್ತ ತುಂಡು ಅಂತ ವಿನಾಯಿತಿ ಇಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಉಳಿದಿರೋ ಹವಳ ಅಲ್ಲೇ ಇರಲಿ.

ನೀರೂ ನನಗೆ ಇಷ್ಟ ಇಲ್ಲ. ಪಣಂಬೂರು ಬಂದರಿನ ಮಗ್ಗುಲು. ಸಾಲದ್ದಕ್ಕೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಸೇರಿ ದಡದ ಉಪ್ಪು ಇಳಿದುಬಿಡುತ್ತೆ. ಸಾಲ್ಟ್ ಮಿಕ್ಸೇ ವಾಸಿ. ಅಡುಗೆ ಉಪ್ಪು, ಕಲ್ಲುಪ್ಪು ನಡೆಯಲ್ಲ: ಸಮುದ್ರದ ನೀರಲ್ಲಿ ಕ್ಯಾಲ್ಸಿಯಂ 400 ಪಿಪಿಎಂ ಮೇಲೆ, ಮೆಗ್ನೀಸಿಯಂ 1300ರ ಹತ್ತಿರ ಇರಬೇಕು, ಅದು ಉಪ್ಪಿನ ಡಬ್ಬದಲ್ಲಿ ಇಲ್ಲ.

ಪ್ರಶ್ನೆ (ಮೈಸೂರಿನಿಂದ):
ಬಾಟಲಿ ಬ್ಯಾಕ್ಟೀರಿಯಾ ಹಾಕಿದ್ರೆ ಬೇಗ ಆಗುತ್ತಾ? ಸೀಗಡಿ ತುಂಡು ಹಾಕಿ ಕೊಳೆಸೋದು?

ಉತ್ತರ:
ಬಾಟಲಿ ಕೆಲಸ ಮಾಡುತ್ತೆ, ಒಳಗಿರೋದು ಬದುಕಿದ್ರೆ. ಲೇಬಲ್ ಓದಿ. ಬ್ಯಾಸಿಲಸ್ ಅಂತ ಮಾತ್ರ ಇದ್ರೆ ಅದು ಕಸ ತಿನ್ನೋ ಜಾತಿ, ಅಮೋನಿಯಾ ತಿನ್ನೋದಲ್ಲ. ಬ್ಯಾಸಿಲಸ್ ಬೀಜಕದ ರೂಪದಲ್ಲಿ ವರ್ಷಗಟ್ಟಲೆ ಕೂರುತ್ತೆ; ನಮಗೆ ಬೇಕಾದವು ಬೀಜಕ ಕಟ್ಟಲ್ಲ, ಬೇಸಿಗೆಯಲ್ಲಿ ಕೊರಿಯರ್ ಗೋಡೌನಲ್ಲಿ ಬಿದ್ದಿದ್ರೆ ಮುಗೀತು. ಅಂದಹಾಗೆ ಅಮೋನಿಯಾ ತಿನ್ನೋವೆಲ್ಲ ಬ್ಯಾಕ್ಟೀರಿಯಾ ಅಂತಲೂ ಅಲ್ಲ. ಆ ಕೆಲಸ ಮಾಡೋ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣೋ, ಆದ್ರೆ ಬೇರೆ ಗುಂಪಿನ ಸೂಕ್ಷ್ಮಜೀವಿ) ಒಂದನ್ನ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಟ್ಯಾಂಕಿನಿಂದಲೇ ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದ್ರು, ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಅಂತ ಹೆಸರು.

ಸೀಗಡಿಯಿಂದಲೂ ಸೈಕಲ್ ಆಗುತ್ತೆ. ಅಮೋನಿಯಾ ಎಷ್ಟು ಬಂತು ಅಂತ ಲೆಕ್ಕ ಸಿಗಲ್ಲ, ಫಾಸ್ಫೇಟ್ ಜೊತೆಗೆ ಬರುತ್ತೆ, ಮನೆ ಮೀನು ಮಾರ್ಕೆಟ್ ಆಗುತ್ತೆ.

ಪ್ರಶ್ನೆ (ಹುಬ್ಬಳ್ಳಿಯಿಂದ):
ಸೈಕಲ್ ಮುಗೀತಾ ಬಂದಿದೆ. ಮರಳೆಲ್ಲ ಕಂದು ಬಣ್ಣ ಆಗೈತ್ರಿ. ಮತ್ತ ನಮ್ಮಲ್ಲಿ ಕರೆಂಟ್ ಹೋಗತದ, ತೊಂದರೆ ಏನರ?

ಉತ್ತರ:
ಕಂದು ಪದರ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಹೊಸ ಟ್ಯಾಂಕಲ್ಲಿ ಸಾಮಾನ್ಯ, ತಾನಾಗೇ ಹೋಗುತ್ತೆ. ಮೀನು ಬರೋವರೆಗೆ ಲೈಟ್ ಹಾಕಲೇಬೇಡಿ. ಕರೆಂಟ್ ವಿಷಯ ಮಾತ್ರ ಹಗುರವಾಗಿ ತಗೋಬೇಡಿ: ಈ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ನೀರು ಅಲುಗಾಡಿಸೋ ವೇವ್‌ಮೇಕರ್ ಒಂದನ್ನ ಇನ್ವರ್ಟರ್‌ಗೆ ಕೊಡಿ, ಇಲ್ಲಾಂದ್ರೆ ಬ್ಯಾಟರಿ ಏರ್‌ಪಂಪ್ ಇಟ್ಟುಕೊಳ್ಳಿ. ಆವಿಯಾಗಿ ಇಳಿದ ನೀರಿಗೆ ಬರೀ ಆರ್‌ಒ ನೀರು ತುಂಬಿಸಿ, ಉಪ್ಪುನೀರಲ್ಲ. ಉಪ್ಪು ಆವಿಯಾಗಲ್ಲ, ಟ್ಯಾಂಕಲ್ಲೇ ಉಳಿದಿರುತ್ತೆ.

ಮೊದಲ ಮೀನಾಗಿ ಹ್ಯಾಚರಿಯಲ್ಲಿ ಬೆಳೆಸಿದ ಕ್ಲೌನ್‌ಫಿಶ್ ಒಂದು ಜೋಡಿ ಸಾಕು. ನಮ್ಮಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದ್ರೆ ಸಿಎಂಎಫ್‌ಆರ್‌ಐ ಇದರ ಮರಿ ಮಾಡೋ ತಂತ್ರ ಅಭಿವೃದ್ಧಿಪಡಿಸಿದೆ, ಕಡಲಿಂದ ಹಿಡಿದದ್ದು ಬೇಕಿಲ್ಲ. ಮೊದಲ ವಾರ ತಿಂಡಿ ಕಮ್ಮಿ ಹಾಕಿ, ದಿನಾ ಅಮೋನಿಯಾ ನೋಡಿ. ಮೂರನೇ ಮೀನಿನ ಮಾತು ತಿಂಗಳಾದ ಮೇಲೆ.