ಸವೆದ ಕ್ಲೀಟ್‌ಗಳನ್ನು ಯಾವಾಗ ಬದಲಿಸಬೇಕು?

ಪ್ರಶ್ನೆ: ಧಾರವಾಡದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ರೋಡ್ ಸೈಕಲ್ಲಿನ ಶೂಗಳಿಗೆ ಅಡಿಯಲ್ಲಿ, ಅವನ್ನು ಪೆಡಲಿಗೆ ಕೂಡಿಸುವ ಮೂರು ಬೋಲ್ಟಿನ ಹಳದಿ ಕ್ಲೀಟ್‌ಗಳಿವೆ. ಬೆಳಗಿನ ಹೊತ್ತು ಹುಬ್ಬಳ್ಳಿಗೆ ಹೋಗಿ ಬರುವುದು, ರವಿವಾರ ಕಲಘಟಗಿಯ ಕಡೆಗೆ ಸಾಗುವುದು ನನ್ನ ರೂಢಿ. ಎಡಗಾಲಿನ ಕ್ಲೀಟಿನ ಮುಂತುದಿ ಬಲಗಾಲಿನದಕ್ಕಿಂತ ಬಹಳ ಸವೆದಿದ್ದು, ಹಿಂಬದಿಯ ಹಳದಿ ಪಟ್ಟಿಗಳಲ್ಲಿ ಒಂದು ಪೂರ್ತಿ ಹೋಗಿದೆ. ಆದರೂ ಪೆಡಲಿಗೆ ಕೂಡಿಸಿದಾಗ ‘ಟಕ್’ ಎಂಬ ಸದ್ದು ಮೊದಲಿನಂತೆಯೇ ಬರುತ್ತದೆ. ಮೊನ್ನೆ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಮಾತ್ರ ಎಡಗಾಲು ತಾನಾಗಿಯೇ ಕಳಚಿತು. ಪೆಡಲಿನ ಸ್ಪ್ರಿಂಗ್ ಬಿಗಿ ಮಾಡಿದರೆ ಸಾಕೇ? ಇಂತಿಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬ ಲೆಕ್ಕವೇನಾದರೂ ಇದೆಯೇ? ಎಡಗಾಲಿನದೊಂದನ್ನೇ ಬದಲಿಸಿದರೆ ನಡೆಯುತ್ತದೆಯೇ?

ಉತ್ತರ: ಉಣಕಲ್ ಸೈಕಲ್ಲಿಗ

ಸರ್, ಏರಿನಲ್ಲಿ ಕಾಲು ತಾನಾಗಿ ಕಳಚಿತು ಎಂದ ಮೇಲೆ ಬೇರೆ ಪರೀಕ್ಷೆಯೇ ಬೇಕಿಲ್ಲ. ಆ ಕ್ಲೀಟಿನ ಮೇಲೆ ಇನ್ನೊಂದು ಸವಾರಿ ಮಾಡಬೇಡಿ. ಕಿಲೋಮೀಟರಿನ ಲೆಕ್ಕವನ್ನು ನಾನು ನಂಬುವುದಿಲ್ಲ. ಕ್ಲೀಟ್ ಬಹುಪಾಲು ಸವೆಯುವುದು ನಡೆಯುವುದರಿಂದ, ತುಳಿಯುವುದರಿಂದಲ್ಲ. ಚಹಾದಂಗಡಿಯ ಮುಂದಿನ ಗರಸಿನ ಮೇಲೆ ಪದೇ ಪದೇ ಓಡಾಡುವವರ ಕ್ಲೀಟು, ಇಳಿಯದೆ ದೂರ ಸಾಗುವವರದಕ್ಕಿಂತ ಬಹಳ ಬೇಗ ಹಾಳಾಗುತ್ತದೆ. ಎಡಗಾಲಿನದು ಮೊದಲು ಸವೆದುದಕ್ಕೂ ಇದೇ ಕಾರಣವಿರಬೇಕು: ರಸ್ತೆಯ ಎಡಬದಿಯಲ್ಲಿ ಸಾಗುವ ನಾವು ನಿಂತಾಗಲೆಲ್ಲ ಊರುವುದು ಎಡಗಾಲನ್ನೇ, ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸುಗಳಿಗೆ ಪ್ರತ್ಯೇಕ ಪಥವಿರುವ ಬಿಆರ್‌ಟಿಎಸ್ ರಸ್ತೆಯುದ್ದಕ್ಕೂ ಸಿಗ್ನಲ್‌ಗಳಿಗೇನೂ ಕೊರತೆಯಿಲ್ಲ.

ಹಳದಿ ಪಟ್ಟಿಗಳಿರುವುದು ನಡೆಯುವಾಗ ಜಾರದಿರಲೆಂದು. ಅವು ಪೆಡಲನ್ನು ಹಿಡಿಯುವ ಭಾಗಗಳಲ್ಲ. ಆದರೆ ಅವು ಮುಗಿದ ಮೇಲೆ ಪೆಡಲಿನೊಳಗೆ ಕೂಡುವ ಗಟ್ಟಿ ಪ್ಲಾಸ್ಟಿಕ್ಕೇ ನೆಲಕ್ಕೆ ಉಜ್ಜತೊಡಗುತ್ತದೆ. ಕ್ಲೀಟಿನ ಮೂಗು ಪೆಡಲಿನ ಮುಂಭಾಗದಲ್ಲಿ ತೂರಿಕೊಳ್ಳುತ್ತದೆ, ಹಿಂದಿನ ಅಂಚನ್ನು ಸ್ಪ್ರಿಂಗಿನ ಕೊಕ್ಕೆ ಹಿಡಿಯುತ್ತದೆ; ಹೊಸ ಕ್ಲೀಟಿನ ಪಕ್ಕದಲ್ಲಿಟ್ಟು ಈ ಎರಡು ಕಡೆಯ ದಪ್ಪವನ್ನು ಹೋಲಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಾಣುತ್ತದೆ. ‘ಟಕ್’ ಎಂಬ ಸದ್ದು ಸ್ಪ್ರಿಂಗ್ ಮುಚ್ಚಿಕೊಂಡುದನ್ನು ಹೇಳುತ್ತದೆಯೇ ಹೊರತು, ಅದು ಹಿಡಿದ ಅಂಚು ಎಷ್ಟು ಉಳಿದಿದೆ ಎಂಬುದನ್ನಲ್ಲ.

ಬಲಗಾಲಿನದನ್ನೂ ಪರೀಕ್ಷಿಸಬೇಕೆಂದಿದ್ದರೆ ಗೋಡೆ ಹಿಡಿದು ಸೈಕಲ್ ಮೇಲೆ ಕುಳಿತು, ಕ್ಲೀಟ್ ಕೂಡಿಸಿ, ಹಿಮ್ಮಡಿಯನ್ನು ಎಡಬಲಕ್ಕೆ ತಿರುಗಿಸಿ. ಅಲ್ಲಿ ಸ್ವಲ್ಪ ಆಟವಿರುವುದು ಸಹಜ. ಶಿಮಾನೊ ಕಂಪನಿಯ ಮೂರು ಬೋಲ್ಟಿನ ಬಗೆಯಾದ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2 ಡಿಗ್ರಿ ಫ್ಲೋಟ್ (ಹೀಗೆ ತಿರುಗುವ ಆಟ) ಇದೆ, ಕೆಂಪಿಗೆ ಇಲ್ಲವೇ ಇಲ್ಲ. ತಿರುಗುವುದರ ಬದಲು ಶೂ ಮೇಲೆದ್ದು ಕುಲುಕಿದರೆ ಅಥವಾ ಪಕ್ಕಕ್ಕೆ ವಾಲಿದರೆ ಅದು ಸವೆತ. (ಬಣ್ಣ ನೋಡಿಯೇ ಕೊಳ್ಳುವವರು ಎಚ್ಚರದಿಂದಿರಬೇಕು: ಲುಕ್ ಕಂಪನಿಯ ಕಿಯೊ ಕ್ಲೀಟಿನಲ್ಲಿ ಕೆಂಪಿಗೇ ಎಲ್ಲಕ್ಕಿಂತ ಹೆಚ್ಚು, 9 ಡಿಗ್ರಿ.) ಸ್ಪ್ರಿಂಗ್ ಬಿಗಿ ಮಾಡುವುದನ್ನಂತೂ ನಾನು ಒಪ್ಪುವುದಿಲ್ಲ. ಅಂಚೇ ತೆಳುವಾಗಿರುವಾಗ ಬಿಗಿದರೂ ಹಿಡಿತ ನಂಬುವಂತಿರದು. ಮೇಲಾಗಿ, ಬೇಕೆಂದು ಕಾಲು ಬಿಡಿಸುವಾಗ ಅದು ಬಾರದೆ ಸಿಗ್ನಲ್ಲಿನಲ್ಲೇ ಮಗುಚಿ ಬೀಳಬೇಕಾದೀತು.

ಉತ್ತರ: ಗದಗಿನ ಗಾಲಿ

ಮೇಲಿನವರ ಮಾತು ಸರಿ. ಕ್ಲೀಟ್‌ಗಳನ್ನು ಜೋಡಿಯಾಗಿಯೇ ಮಾರುತ್ತಾರಾದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ. ಆದರೆ ಎರಡೂ ಶೂಗಳನ್ನು ಒಮ್ಮೆಲೇ ಬಿಚ್ಚಬೇಡಿ. ಹಳೆಯ ಕ್ಲೀಟಿನ ಸುತ್ತ ಸೋಲ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಒಂದು ಫೋಟೊ ತೆಗೆದುಕೊಂಡು, ಒಂದು ಕಾಲಿನದನ್ನು ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಕ್ಲೀಟ್ ಸ್ವಲ್ಪ ತಿರುಗಿ ಕುಳಿತರೂ ದೂರದ ಸವಾರಿಯಲ್ಲಿ ಮೊಣಕಾಲು ನೋಯತೊಡಗುತ್ತದೆ.

ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಎರೆಮಣ್ಣು ಇರುವುದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಆ ಮಣ್ಣು ಬೋಲ್ಟಿನ ತಲೆಯ ಗುಂಡಿಯಲ್ಲಿ ತುಂಬಿ ಕಲ್ಲಿನಂತೆ ಒಣಗುತ್ತದೆ. ಅದರ ಮೇಲೆಯೇ 4 ಮಿ.ಮೀ. ಅಲನ್ ಕೀ ತೂರಿ ತಿರುಗಿಸಿದರೆ ಕೀ ಅರ್ಧಕ್ಕೇ ನಿಂತು, ಗುಂಡಿಯ ಮೂಲೆಗಳು ಸವೆದು, ಬೋಲ್ಟ್ ಹೊರಬರುವುದೇ ಇಲ್ಲ. ಮೊದಲು ದಬ್ಬಣದಿಂದ ಮಣ್ಣನ್ನು ಪೂರ್ತಿ ಕೆದಕಿ, ಕೀ ತಳ ಮುಟ್ಟಿದೆಯೆಂದು ಖಾತ್ರಿಯಾದ ಮೇಲೆ ತಿರುಗಿಸಿ. ಹೊಸ ಬೋಲ್ಟಿನ ಎಳೆಗಳಿಗೆ ತೆಳ್ಳಗೆ ಗ್ರೀಸ್ ಸವರಿ, ಟಾರ್ಕ್ ವ್ರೆಂಚ್ ಇದ್ದರೆ 5ರಿಂದ 6 ನ್ಯೂಟನ್-ಮೀಟರ್‌ವರೆಗೆ ಬಿಗಿಯಿರಿ, ಮೊದಲ ಸವಾರಿಯ ನಂತರ ಮತ್ತೊಮ್ಮೆ ನೋಡಿ.

ಉತ್ತರ: ಹಾವೇರಿ ಹಾದಿ

ನನ್ನ ಅಭಿಪ್ರಾಯ ಬೇರೆ. ಇಷ್ಟು ನಡೆಯುವವರು ಎರಡು ಬೋಲ್ಟಿನ ಬೇರೆ ಬಗೆಯ ಕ್ಲೀಟಾದ ಎಸ್‌ಪಿಡಿಗೆ ಹೋಗುವುದೇ ಲೇಸು. ಆ ಕ್ಲೀಟ್ ಉಕ್ಕಿನದು, ಸೋಲ್‌ನೊಳಗೆ ಹುದುಗಿರುವುದರಿಂದ ನೆಲಕ್ಕೆ ಅಷ್ಟಾಗಿ ತಾಗುವುದಿಲ್ಲ. ಕಪ್ಪತಗುಡ್ಡದಂಥ ಕಡೆ ಸೈಕಲ್ ತಳ್ಳಿಕೊಂಡು ಹೋಗಬೇಕಾಗಿ ಬಂದರೂ ಚಿಂತೆಯಿಲ್ಲ.

ಉತ್ತರ: ಉಣಕಲ್ ಸೈಕಲ್ಲಿಗ

ಸಲಹೆ ಒಳ್ಳೆಯದೇ, ಆದರೆ ಮೂರು ರಂಧ್ರದ ರೋಡ್ ಶೂ ಇರುವವರಿಗೆ ಅದು ಬರೀ ಕ್ಲೀಟಿನ ಖರ್ಚಲ್ಲ. ಶೂ, ಪೆಡಲ್ ಎರಡನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ನಡಿಗೆಯೇ ಸಮಸ್ಯೆಯಾದರೆ ಕ್ಲೀಟಿನ ಮೇಲೆ ತೊಡಿಸುವ ರಬ್ಬರ್ ಕವರ್‌ಗಳನ್ನು ಜರ್ಸಿಯ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು. ಪ್ರಶ್ನೆ ಕೇಳಿದವರು ಹೊಸ ಕ್ಲೀಟ್ ಹಾಕಿದ ಮೇಲೂ ಶೂ ಕುಲುಕುತ್ತಿದ್ದರೆ ಪೆಡಲನ್ನೇ ಪರೀಕ್ಷಿಸಲಿ. ಅದರ ಮೇಲ್ಮೈ ಮತ್ತು ಹಿಂದಿನ ಕೊಕ್ಕೆಯೂ ಸವೆಯುತ್ತವೆ, ಮತ್ತು ಆ ಸವೆತಕ್ಕೆ ಯಾವ ಹೊಸ ಕ್ಲೀಟೂ ಪರಿಹಾರವಲ್ಲ.